ಗದ್ದದ ಮೇಲಿನ ನೀಲಿ

ಹೋದ ವಾರ ಅವ್ವನ ಹಳೆಯ ಇಳಕಲ್ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದೆ. ಬಿಸಿ ತಾಗಿದ್ದೇ ತಡ, ಒಣಗಿದ ಅನ್ನದ ತಿಳಿಯ ಆ ವಾಸನೆ ಕೋಣೆಯ ತುಂಬ ಎದ್ದಿತು. ಅದರ ಜೊತೆ ನೆನಪಿಗೆ ಬರಬೇಕಾದದ್ದು ಧಾರವಾಡದ ನಮ್ಮ ಹಿತ್ತಲು. ಬಂದದ್ದು ಮಾತ್ರ ಅಲ್ಲಿಂದ ಸಾವಿರಾರು ಮೈಲಿ ದೂರದ ಮಿಲ್ ಕ್ರೀಕ್‌ನಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆಗಿದ್ದ ಒಂದು ಗ್ಯಾರೇಜು, ಅಲ್ಲಿ ಹಲಗೆಯ ಮೇಲೆ ಹರಡಿದ್ದ ಒಂದು ಮುಖ, ಮತ್ತು 2014ರ ಅಕ್ಟೋಬರಿನಿಂದ ಮರು ಏಪ್ರಿಲ್‌ವರೆಗೆ ಬಿಡದೆ ಜಿನುಗಿದ ಮಳೆ.

ನಾನಾಗ ಎವರೆಟ್ ಕಡೆ, ವಿಮಾನದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದೆ. ವಿಮಾನದ ಹೊಟ್ಟೆಯೊಳಗೆ ಹರಿಯುವ ನೂರಾರು ವೈರುಗಳನ್ನು ಕಂತೆ ಮಾಡಿ, ಮೇಣ ಹಚ್ಚಿದ ದಾರದಿಂದ ಇಷ್ಟಿಷ್ಟು ದೂರಕ್ಕೆ ಒಂದರಂತೆ ಗಂಟು ಹಾಕುತ್ತಾರೆ. ಒಂದು ಗಂಟು ಸಡಿಲವಾದರೂ ವೈರು ಎಲ್ಲೋ ತಿಕ್ಕಿ ಸವೆಯುತ್ತದೆ. ಆ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡುವುದು ನನ್ನ ಕೆಲಸ; ಹೊಸಬರಿಗೆ ಗಂಟು ಹಾಕಲು ಕಲಿಸುವುದು ಆರ್ಪಿಯವರ ಕೆಲಸ. ಅರವತ್ತೆರಡು ವರ್ಷದ, ಗಿಡ್ಡನೆಯ, ಬೆಳ್ಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದ ಹೆಂಗಸು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ನಡುವೆ ಬೆಳೆದವರು. ಅವರ ಮನೆತನ ಮೂಲತಃ ಅರ್ಮೇನಿಯನ್ ಎಂಬುದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ನಾನು ಕಸೂತಿ ಹಾಕುತ್ತ ಕೂರುತ್ತಿದ್ದೆ. ಒಂದು ದಿನ ಆರ್ಪಿ ಎದುರಿಗೆ ಬಂದು ಕುಳಿತರು. ಬಟ್ಟೆಯನ್ನು ಕೇಳದೆಯೇ ಎತ್ತಿಕೊಂಡು ತಿರುಗಿಸಿ ನೋಡಿದರು.

"ಇದರ ಹಿಂದುಗಡೆ ಯಾವುದು?"

"ಎರಡೂ ಮುಂದುಗಡೇನೇ," ಎಂದೆ. "ಇದಕ್ಕೆ ಗವಂತಿ ಅಂತೀವಿ. ಹೋದ ದಾರೀಲೇ ಸೂಜಿ ವಾಪಸ್ ಬರತ್ತೆ. ಎಲ್ಲೂ ಗಂಟು ಹಾಕೋ ಹಾಗಿಲ್ಲ."

ಆರ್ಪಿ ನಕ್ಕರು. ಬ್ಯಾಗಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು ಬಿಚ್ಚಿದರು. ಅಂಗೈಯಗಲದ ದುಂಡನೆಯ ಲೇಸು. ಸೂಜಿ, ದಾರ ಬಿಟ್ಟರೆ ಬೇರೆ ಸಾಧನವಿಲ್ಲದೆ ಮಾಡಿದ್ದು. ಬರೀ ಗಂಟುಗಳು, ಸಾಸಿವೆಗಿಂತ ಸಣ್ಣವು, ಸಾವಿರಾರು.

"ಇದರಲ್ಲಿ ಗಂಟು ಬಿಟ್ಟರೆ ಬೇರೇನೂ ಇಲ್ಲ. ನನ್ನ ನೆನೆ ಮಾಡಿದ್ದು."

ನೆನೆ ಎಂದರೆ ಅವರ ಮನೆಮಾತಿನಲ್ಲಿ ಅಜ್ಜಿ. ಕನ್ನಡದಲ್ಲಿ ಆ ಪದಕ್ಕೆ ನೆನಪು ಮಾಡಿಕೋ ಎಂಬ ಅರ್ಥವಿದೆಯೆಂದು ನಾನು ಹೇಳಿದಾಗ ಅವರು ಗಟ್ಟಿಯಾಗಿ ನಕ್ಕು, "ಹಾಗಾದ್ರೆ ನಾನು ಹುಟ್ಟಿದಾಗಿನಿಂದ ನಿನ್ನ ಭಾಷೇನೇ ಮಾತಾಡ್ತಿದೀನಿ," ಎಂದರು. ಆಮೇಲೆ ನಗು ನಿಲ್ಲಿಸಿ, ಏಪ್ರಿಲ್‌ನಲ್ಲಿ ಒಂದು ಪ್ರದರ್ಶನವಿದೆ ಎಂದು ಹೇಳಿದರು. ಅರ್ಮೇನಿಯನ್ನರನ್ನು ಅವರ ಊರುಗಳಿಂದ ಹೊರದಬ್ಬಿ ಕೊಂದು ನೂರು ವರ್ಷ ತುಂಬುವ ತಿಂಗಳದು. ಇಲ್ಲಿನ ಒಂದಷ್ಟು ಕುಟುಂಬಗಳು ಗ್ರಂಥಾಲಯದ ಸಭಾಂಗಣದಲ್ಲಿ ತಮ್ಮ ಮನೆಗಳ ಕಥೆಯನ್ನು ಚಿತ್ರ, ಹೊಲಿಗೆ, ಮರಗೆಲಸ, ಹೀಗೆ ತಮ್ಮ ಕೈಗೆ ಬಂದದ್ದರಲ್ಲಿ ಮಾಡಿ ಇಡುವುದೆಂದು ತೀರ್ಮಾನಿಸಿದ್ದವು.

"ನಾನು ನೆನೆಯ ಮುಖ ಮಾಡ್ತೀನಿ. ಅವಳದೇ ಗಂಟಿನಲ್ಲಿ. ನಾಲ್ಕಡಿ ಎತ್ತರ. ಪ್ರತಿ ಗಂಟನ್ನೂ ಮುಟ್ಟಿ ನೋಡಿ ತಪ್ಪು ಹೇಳೋರು ಒಬ್ಬರು ಬೇಕು. ಬರ್ತೀಯಾ?"

ಹೀಗೆ ನಾನು ಶನಿವಾರಗಳಂದು ಆರ್ಪಿಯವರ ಮನೆಯ ಆ ಗ್ಯಾರೇಜಿಗೆ ಹೋಗತೊಡಗಿದೆ. ನನ್ನ ಗಂಡ ಗಿರೀಶನಿಗೆ ಇದು ವಿಚಿತ್ರವೆನಿಸಿತು. ವಾರವಿಡೀ ಈಸ್ಟ್‌ಗೇಟ್‌ನ ಆಫೀಸಿಗೆ ಟ್ರಾಫಿಕ್ಕಿನಲ್ಲಿ ಹೋಗಿಬರುವ ಅವನಿಗೆ ಶನಿವಾರವೆಂದರೆ ಮನೆ. "ಅಲ್ಲಾ, ಐದು ದಿನ ಗಂಟ ನೋಡೂದು ಸಾಲಲಿಲ್ಲೇನು ನಿನಗ? ಆರನೇ ದಿನಾನೂ ಅದ ಆತಲ್ಲ!" ಎಂದ. ಆದರೂ ಹೋಗುವಾಗ ತಾನೇ ಚಹಾ ಸೋಸಿ ಫ್ಲಾಸ್ಕಿಗೆ ತುಂಬಿ ಕೊಡುತ್ತಿದ್ದ.

ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಮರದ ಚೌಕಟ್ಟು, ದಾರದ ಉಂಡೆಗಳು, ಒಂದು ಹೀಟರು, ಮತ್ತು ಗೋಡೆಗೆ ಅಂಟಿಸಿದ್ದ ಒಂದೇ ಒಂದು ಫೋಟೋ. ಅದರಲ್ಲಿ ಜಬೆಲ್, ಅಂದರೆ ಆರ್ಪಿಯವರ ನೆನೆ, ಬಾಗಿಲ ಬಳಿ ನಿಂತಿದ್ದಳು. ತಲೆಯ ವಸ್ತ್ರದ ಸೆರಗನ್ನು ತುಟಿಯವರೆಗೆ ಎಳೆದು ಹಿಡಿದಿದ್ದಳು. ಕಣ್ಣು, ಮೂಗು ಸ್ಪಷ್ಟವಾಗಿದ್ದವು. ಗದ್ದ ಕಾಣುತ್ತಿರಲಿಲ್ಲ.

"ಇರೋದೆಲ್ಲ ಹೀಗೇ. ಒಂದು ಫೋಟೋದಲ್ಲೂ ಗದ್ದ ತೋರಿಸಿಲ್ಲ," ಎಂದರು ಆರ್ಪಿ. "ಅಲ್ಲಿ ಹಚ್ಚೆ ಇತ್ತು. ನೀಲಿ. ಅವಳು ಸತ್ತಾಗ ನನಗೆ ಐದು ವರ್ಷ. ನೀಲಿ ಅನ್ನೋದು ಬಿಟ್ರೆ ಬೇರೇನೂ ನೆನಪಿಲ್ಲ."

ನನಗೆ ಥಟ್ಟನೆ ಸಂತೋಷವಾಯಿತು. "ನಮ್ಮಜ್ಜಿಗೂ ಇತ್ತು! ಗದ್ದದ ಮೇಲೆ ಮೂರು ಚುಕ್ಕೆ, ಮುಂಗೈ ತುಂಬ ಬಳ್ಳಿ. ಕರೆದು ಕರೆದು ತೋರಿಸ್ತಿದ್ದಳು!" ಎಂದುಬಿಟ್ಟೆ.

ಆರ್ಪಿಯವರ ಸೂಜಿ ನಿಂತಿತು.

"ನಿನ್ನ ಅಜ್ಜಿಗೆ ಅದನ್ನ ಯಾರು ಹಾಕಿದರು?"

"ಹಚ್ಚೆ ಹಾಕೋಳು ಊರಿಗೆ ಬಂದಾಗ ಅಕ್ಕತಂಗಿಯರೆಲ್ಲ ಸಾಲಾಗಿ ಕೂತು ಹಾಕಿಸ್ಕೊಂಡಿದ್ರಂತೆ."

"ನನ್ನ ನೆನೆಯನ್ನ ಹಿಡಿದು ಕೂರಿಸಿ ಹಾಕಿದರು," ಎಂದರು ಆರ್ಪಿ. ದನಿ ಏರಲಿಲ್ಲ. ಹನ್ನೆರಡು ವರ್ಷದ ಜಬೆಲ್ ತಾಯಿಯ ಜೊತೆ, ಇಬ್ಬರು ತಮ್ಮಂದಿರ ಜೊತೆ, ಊರಿನಿಂದ ಹೊರದಬ್ಬಿಸಿಕೊಂಡು ಮರುಭೂಮಿಯತ್ತ ನಡೆಯುತ್ತಿದ್ದ ಸಾಲಿನಲ್ಲಿದ್ದಳು. ತಮ್ಮಂದಿರು ದಾರಿಯಲ್ಲಿ ತೀರಿಕೊಂಡರು. ಆಮೇಲೆ ತಾಯಿ. ಮರುಭೂಮಿಯ ಒಂದು ಮನೆಯವರು ಹುಡುಗಿಯನ್ನು ಎಳೆದುಕೊಂಡು ಹೋದರು. ಮೊದಲು ಕೆಲಸದವಳಾಗಿ, ಆಮೇಲೆ ಸೊಸೆಯಾಗಿ ಇಟ್ಟುಕೊಂಡರು. ಇವಳು ನಮ್ಮವಳೆಂದು ತಮ್ಮ ರೂಢಿಯಂತೆ ಗದ್ದಕ್ಕೆ ಗುರುತು ಹಾಕಿದರು. ನಾಲ್ಕು ವರ್ಷದ ನಂತರ ಜಬೆಲ್ ಅಲ್ಲಿಂದ ತಪ್ಪಿಸಿಕೊಂಡು ಅಲೆಪ್ಪೊ ನಗರದ ಅನಾಥಾಲಯ ಸೇರಿದಳು. ಲೇಸು ಹಾಕುತ್ತ ಅಲ್ಲಿ ಬೆಳೆದಳು, ಮುಂದೆ ಕ್ಯಾಲಿಫೋರ್ನಿಯಾ ಸೇರಿದಳು. ಆರ್ಪಿಗೆ ತಾಯಿಯಿಂದ ತಿಳಿದದ್ದು ಇಷ್ಟೇ.

ನಾನು ಅವಸರದಲ್ಲಿ ಎದ್ದುಬಿಟ್ಟೆ. ಚಹಾ ಫ್ಲಾಸ್ಕನ್ನು ಅಲ್ಲೇ ಮರೆತು ಬಂದೆ. ಇಡೀ ವಾರ ಕಾರ್ಖಾನೆಯಲ್ಲಿ ಆರ್ಪಿ ಕೆಲಸದ ಮಾತಷ್ಟೇ ಆಡಿದರು. ಶುಕ್ರವಾರ ನಾನೇ ಹೋಗಿ, "ನಾನು ಯೋಚಿಸದೆ ಮಾತಾಡಿದೆ. ಎರಡೂ ಒಂದೇ ಅನ್ನೋ ಹಾಗೆ ಹೇಳಿಬಿಟ್ಟೆ. ಕ್ಷಮಿಸಿ," ಎಂದೆ.

ಆರ್ಪಿ ಕೈಯಲ್ಲಿದ್ದ ವೈರಿನ ಕಂತೆ ಕೆಳಗಿಟ್ಟರು. "ಒಂದೇ ಅಲ್ಲ. ಆದ್ರೆ ನಿನ್ನ ಅಜ್ಜಿ ಕರೆದು ಕರೆದು ತೋರಿಸ್ತಿದ್ದಳು ಅಂದೆಯಲ್ಲ, ವಾರವೆಲ್ಲ ಅದೇ ತಲೇಲಿತ್ತು. ನನ್ನ ನೆನೆಯ ಮುಖಾನ ಯಾರೂ ಪೂರ್ತಿ ನೋಡ್ಲೇ ಇಲ್ಲ. ನಾನು ಸೆರಗು ಹಿಡಿದ ಫೋಟೋ ಮಾಡಲ್ಲ, ಶೈಲಾ. ಪೂರ್ತಿ ಮುಖ ಮಾಡ್ತೀನಿ. ನೀಲಿಯನ್ನೂ ಹಾಕ್ತೀನಿ."

ಅಂದಿನಿಂದ ಕೆಲಸದ ರೀತಿಯೇ ಬದಲಾಯಿತು. ಆರ್ಪಿ ಬೆಳಗಿನ ಪಾಳಿ ಮುಗಿಸಿ ಬಂದು ಪ್ರತಿದಿನ ಎರಡು ಗಂಟೆ ಕೂರುತ್ತಿದ್ದರು. ನೆರಳಿರುವಲ್ಲಿ ಗಂಟುಗಳು ಒತ್ತೊತ್ತಾಗಿ, ಬೆಳಕು ಬೀಳುವಲ್ಲಿ ವಿರಳವಾಗಿ. ಹತ್ತಿರ ನಿಂತರೆ ಬರೀ ಬಲೆ. ಗ್ಯಾರೇಜಿನ ಬಾಗಿಲವರೆಗೆ ಹಿಂದೆ ಸರಿದರೆ ಹಣೆ ಕಾಣುತ್ತಿತ್ತು, ಹುಬ್ಬು ಕಾಣುತ್ತಿತ್ತು. ಶನಿವಾರ ನಾನು ಸಾಲು ಸಾಲಾಗಿ ಬೆರಳಾಡಿಸಿ ಸಡಿಲವಿದ್ದಲ್ಲಿ ಕೆಂಪು ದಾರದ ಚೂರು ಸಿಕ್ಕಿಸುತ್ತಿದ್ದೆ. ನೀಲಿ ಗುರುತುಗಳಿಗೆ ಮಾತ್ರ ಗಂಟು ಬೇಡವೆಂದು ಇಬ್ಬರಿಗೂ ತೋಚಿತು. ಸಭಾಂಗಣದ ನಡುವೆ ಚೌಕಟ್ಟನ್ನು ತೂಗುಹಾಕುವುದರಿಂದ ಜನ ಎರಡೂ ಕಡೆಯಿಂದ ನೋಡುವವರಿದ್ದರು. ಹಾಗಾಗಿ ನಾನು ಅವರಿಗೆ ಗವಂತಿ ಕಲಿಸಿದೆ. ನಲವತ್ತು ವರ್ಷ ಗಂಟು ಹಾಕಿದ ಕೈ. ದಾರದ ತುದಿ ಬಂದಾಗಲೆಲ್ಲ ತಾನಾಗಿ ಒಂದು ಗಂಟು ಹಾಕಿಬಿಡುತ್ತಿತ್ತು. ಬಿಚ್ಚಿಸುತ್ತಿದ್ದೆ. ಬೈದುಕೊಳ್ಳುತ್ತ ಮತ್ತೆ ಹೊಲಿಯುತ್ತಿದ್ದರು.

ಜನವರಿಯ ಎರಡನೇ ಶನಿವಾರ ಲೇಸಿನ ಎಡಗಣ್ಣಿನ ಮೇಲೆ ಬೆರಳಾಡಿಸುತ್ತಿದ್ದಾಗ ಒಂದು ಸಡಿಲ ಸಿಕ್ಕಿತು. ಕೆಳಗಿನ ಒಂದು ಸಾಲಿನಲ್ಲಿ ದಾರ ಜಾರಿ, ಅದರ ಮೇಲಿನ ಸಾಲುಗಳೆಲ್ಲ ಒಂದು ಕಡೆಗೆ ಎಳೆದುಕೊಂಡಿದ್ದವು. ಕಣ್ಣು ಕುಗ್ಗಿದಂತೆ ಕಾಣುತ್ತಿತ್ತು. ಹೇಳಲೋ ಬೇಡವೋ ಎಂದು ಹಿಂಜರಿದೆ. ಕೊನೆಗೆ ಕೆಂಪು ಚೂರು ಸಿಕ್ಕಿಸಿದೆ.

ಆರ್ಪಿ ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡರು.

"ಸ್ವಲ್ಪ ಎಳೆದು ಸರಿ ಮಾಡಬಹುದೇನೋ," ಎಂದೆ ಗಾಬರಿಯಿಂದ.

"ವಿಮಾನದ ವೈರಾಗಿದ್ರೆ ಹೀಗೆ ಹೇಳ್ತಿದ್ದೆಯಾ?"

ಮೂರು ವಾರದ ಕೆಲಸವನ್ನು ಹದಿನೈದು ನಿಮಿಷದಲ್ಲಿ ಕತ್ತರಿಸಿ ಹಾಕಿದರು. ಅದೇ ಸಂಜೆ ಕಣ್ಣಿನ ಮೊದಲ ಗಂಟು ಮತ್ತೆ ಬಿತ್ತು. ಆ ಕಣ್ಣು ಎರಡನೇ ಸಲ ಮುಗಿಯುವಷ್ಟರಲ್ಲಿ ಅವರ ಬಲಗೈ ಹೆಬ್ಬೆರಳು ಊದಿಕೊಂಡಿತ್ತು. ವೈದ್ಯರು ಪಟ್ಟಿ ಬಿಗಿದು ಒಂದು ತಿಂಗಳು ಕೈಗೆ ವಿಶ್ರಾಂತಿ ಕೊಡಿ ಎಂದರು. ಆರ್ಪಿ ಕಾರ್ಖಾನೆಗೆ ರಜೆ ಹಾಕಿದರು, ಲೇಸಿಗೆ ಹಾಕಲಿಲ್ಲ. ಎಡಗೈಯಲ್ಲಿ ಸೂಜಿ ಹಿಡಿಯಲು ಕಲಿತರು.

ಫೆಬ್ರವರಿಯಲ್ಲಿ ಕೆಲಸ ಗದ್ದಕ್ಕೆ ಬಂದು ನಿಂತಿತು. ಗುರುತು ಹೇಗಿತ್ತೆಂದು ಯಾರನ್ನು ಕೇಳುವುದು? ಆ ದಿನ ನನ್ನ ಮಗಳು ಮೇಘಾ ನನ್ನನ್ನು ಕರೆಯಲು ಬಂದಿದ್ದಳು. ಹದಿಮೂರು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಕಾಲದ ಹೆಂಗಸರ ಫೋಟೋಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಅದರಲ್ಲಿ ಚೆನ್ನಾಗಿರುವ ಒಂದು ಗುರುತು ನೋಡಿಕೊಂಡು ಹಾಕಿಬಿಡಿ ಎಂದು ಸಲಹೆ ಕೊಟ್ಟಳು.

"ಹಾಕಬಹುದು ಮಗೂ," ಎಂದರು ಆರ್ಪಿ. "ಆದ್ರೆ ಅವಳು ಇನ್ಯಾರದೋ ನೆನೆ ಆಗ್ತಾಳೆ."

ಗೊತ್ತಿದ್ದವರು ಒಬ್ಬರೇ. ಆರ್ಪಿಯವರ ಅಣ್ಣ ವಾಹೆ. ನೆನೆ ತೀರಿಕೊಂಡಾಗ ಅವರಿಗೆ ಹದಿನಾರು. ಟಕ್ವಿಲಾದಲ್ಲಿ ಕಂಬಳಿ, ಜಮಖಾನೆ ತೊಳೆದು ರಿಪೇರಿ ಮಾಡುವ ಗೋದಾಮು ಅವರದು. ಅಣ್ಣತಂಗಿ ಹಬ್ಬಕ್ಕೆ ಸೇರುತ್ತಿದ್ದರು, ನೆನೆಯ ಮಾತು ಬಂದರೆ ವಾಹೆ ಎದ್ದು ಹೋಗುತ್ತಿದ್ದರು. ಹೆಬ್ಬೆರಳಿನ ಪಟ್ಟಿಯಿಂದಾಗಿ ಆರ್ಪಿಗೆ ಡ್ರೈವ್ ಮಾಡಲು ಆಗುತ್ತಿರಲಿಲ್ಲ. ನಾನೇ ಕರೆದುಕೊಂಡು ಹೋದೆ.

ಒದ್ದೆ ಉಣ್ಣೆಯ ವಾಸನೆ ತುಂಬಿದ್ದ ಆ ಗೋದಾಮಿನಲ್ಲಿ ವಾಹೆ ನಮಗೆ ಸಣ್ಣ ಕಪ್ಪುಗಳಲ್ಲಿ ಕಾಫಿ ಕೊಟ್ಟರು. ಎತ್ತರದ ಮನುಷ್ಯ, ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ನನ್ನ ಹೆಸರು, ಊರು, ಮಕ್ಕಳನ್ನೆಲ್ಲ ಪ್ರೀತಿಯಿಂದ ವಿಚಾರಿಸಿದರು. ಆರ್ಪಿ ಒಂದು ಕಾಗದ, ಪೆನ್ಸಿಲ್ ಮುಂದಿಟ್ಟು, "ಅಣ್ಣಾ, ನೆನೆಯ ಗದ್ದದ ಗುರುತು ಬರೆದುಕೊಡು. ಅಷ್ಟೇ ಸಾಕು," ಎಂದಾಗ ಅವರ ಮುಖ ಬಿಗಿದುಕೊಂಡಿತು.

"ನನಗೆ ನೆನಪಿಲ್ಲ."

"ಇದೆ."

"ಇದ್ದರೂ ಕೊಡಲ್ಲ. ಅವಳು ಬದುಕಿರೋವರೆಗೂ ಅದನ್ನ ಮುಚ್ಚಿಕೊಂಡಿದ್ದಳು. ತೆರೆಯೋಕೆ ನೀನ್ಯಾರು, ಆರ್ಪಿ? ಊರವರೆಲ್ಲ ನೋಡಲಿ ಅಂತ ಗೋಡೆಗೆ ತೂಗು ಹಾಕ್ತೀಯಾ?"

ಆರ್ಪಿ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿದರು. ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಪೆನ್ಸಿಲನ್ನು ಅಲ್ಲೇ ಬಿಟ್ಟು ಎದ್ದೆವು.

ವಾಪಸ್ ಬರುವಾಗ ಮಳೆ, ಹೆದ್ದಾರಿಯ ತುಂಬ ಕಾರು. ಬೆಲ್‌ವ್ಯೂ ದಾಟಿದ ಮೇಲೆ ಆರ್ಪಿ ಮೆಲ್ಲಗೆ, "ಅವನು ಹೇಳಿದ್ದು ಸರಿಯಾ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ. "ನಮ್ಮಜ್ಜಿ ಆಗಿದ್ರೆ ನನಗೆ ಗೊತ್ತಿರ್ತಿತ್ತು. ನಿಮ್ಮ ನೆನೆಯ ಬಗ್ಗೆ ನಾನು ಒಂದು ಸಲ ಯೋಚಿಸದೆ ಮಾತಾಡಿ ಸಾಕಾಗಿದೆ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಆ ಗುರುತಿನ ಬಗ್ಗೆ ನನಗೆ ನಾಚಿಕೆ ಇಲ್ಲ. ಅವಳಿಗಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ಹಾಗಾದ್ರೆ ಗೊತ್ತಿಲ್ಲ ಅಂತಲೇ ಮಾಡ್ತೀನಿ. ಗದ್ದ ಮಾಡ್ತೀನಿ, ಗುರುತಿನ ಜಾಗ ಬರೀ ಬಲೆ ಬಿಡ್ತೀನಿ. ಏಪ್ರಿಲ್‌ಗೆ ಅದು ಅಲ್ಲಿ ಇರತ್ತೆ." ನನ್ನ ಕಡೆ ತಿರುಗಿ, "ದಾರದ ಅಂಗಡಿ ತೆಗೆದಿದ್ರೆ ಒಂದು ನಿಮಿಷ ನಿಲ್ಲಿಸು," ಎಂದರು. ಅಂಗಡಿಯಲ್ಲಿ ನೀಲಿ ದಾರದ ಒಂದು ಲಡಿ ಕೊಂಡರು. ಯಾಕೆಂದು ನಾನು ಕೇಳಲಿಲ್ಲ.

ಮಾರ್ಚ್ ಕೊನೆಗೆ ಮುಖ ಮುಗಿಯಿತು. ಲೇಸು ಬಿಗಿಯಾಗಿ ನಿಲ್ಲಬೇಕಲ್ಲ. ಅವರ ಮನೆಯ ಪದ್ಧತಿ ಸಕ್ಕರೆ ನೀರು, ನಮ್ಮದು ಗಂಜಿ. ಸಕ್ಕರೆಗೆ ಇರುವೆ ಬರುತ್ತದೆಂದು ವಾದಿಸಿ ಗೆದ್ದೆ. ಸೋನಾ ಮಸೂರಿ ಅಕ್ಕಿಯ ಗಂಜಿ ಕಾಯಿಸಿ, ಸೋಸಿ, ಇಬ್ಬರೂ ಬ್ರಷ್ ಹಿಡಿದು ಹಚ್ಚಿದೆವು. ಮರುದಿನ ಒಣಗಿದ ಚೌಕಟ್ಟನ್ನು ಎತ್ತಿ ನಿಲ್ಲಿಸಿದಾಗ ಜಬೆಲ್ ನಮ್ಮಿಬ್ಬರನ್ನೂ ನೇರವಾಗಿ ನೋಡಿದಳು. ಗಿರೀಶ ಚೌಕಟ್ಟು ಹೊರಲು ಬಂದವನು ಬಾಗಿಲಲ್ಲೇ ನಿಂತ. "ಹಿರೇ ಮನಷ್ಯಾಳು ಕೂತಂಗ ಐತಿ," ಎಂದು, ಚಪ್ಪಲಿ ಬಿಟ್ಟು ಒಳಗೆ ಬಂದ.

ಪ್ರದರ್ಶನ ಶನಿವಾರ ಮಧ್ಯಾಹ್ನ. ನಲವತ್ತೈವತ್ತು ಜನರಿದ್ದರು. ಸಭಾಂಗಣದ ನಡುವೆ, ಸೂರಿನಿಂದ ಇಳಿಬಿಟ್ಟ ಎರಡು ತಂತಿಗಳಲ್ಲಿ ಜಬೆಲ್ ತೂಗುತ್ತಿದ್ದಳು. ಪಕ್ಕದಲ್ಲಿ ಆರ್ಪಿ ತಾವೇ ಬರೆದ ಚೀಟಿ: "ನನ್ನ ನೆನೆ, ಜಬೆಲ್. ಇವಳ ಗದ್ದದ ಮೇಲೆ ನೀಲಿ ಗುರುತುಗಳಿದ್ದವು. ಅವು ಹೇಗಿದ್ದವೆಂದು ನನಗೆ ತಿಳಿಯದು." ಜನ ಓದುತ್ತಿದ್ದರು, ಆ ಖಾಲಿ ಜಾಗವನ್ನು ನೋಡುತ್ತಿದ್ದರು. ಒಬ್ಬ ಮುದುಕಿ ತನ್ನ ದೊಡ್ಡಮ್ಮನಿಗೂ ಇತ್ತೆಂದು ಆರ್ಪಿಯ ಕಿವಿಯಲ್ಲಿ ಹೇಳಿ ಅತ್ತಳು.

ಮೂರು ಗಂಟೆಯ ಹೊತ್ತಿಗೆ ವಾಹೆ ಬಂದರು. ಒಬ್ಬರೇ. ಸೂಟು ಹಾಕಿದ್ದರು. ಯಾರನ್ನೂ ಮಾತಾಡಿಸದೆ ನೇರ ಚೌಕಟ್ಟಿನ ಮುಂದೆ ಹೋಗಿ ನಿಂತರು. ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆರ್ಪಿ ಕೋಣೆಯ ಆ ತುದಿಯಿಂದ ನೋಡುತ್ತಿದ್ದರೇ ಹೊರತು ಹತ್ತಿರ ಹೋಗಲಿಲ್ಲ. ನನ್ನ ಮುಂಗೈ ಹಿಡಿದುಕೊಂಡಿದ್ದರು. ಆ ಹಿಡಿತದ ನೋವು ಇನ್ನೂ ನೆನಪಿದೆ.

ವಾಹೆ ತಿರುಗದೆಯೇ ಹೇಳಿದರು, "ಕೆಳತುಟಿಯಿಂದ ಒಂದು ಗೆರೆ. ನೇರ ಕೆಳಗೆ."

ಆರ್ಪಿ ಬ್ಯಾಗು ತೆರೆದರು. ನೀಲಿ ಲಡಿ, ಸೂಜಿ. ಫೆಬ್ರವರಿಯಿಂದ ಅವು ಅದರಲ್ಲೇ ಇದ್ದಿರಬೇಕು. ಚೌಕಟ್ಟು ಇಳಿಸುವ ಮಾತೇ ಬರಲಿಲ್ಲ. ಆರ್ಪಿ ಮುಂದೆ ನಿಂತರು, ನಾನು ಹಿಂದೆ ಹೋದೆ. ಅವರು ಎಡಗೈಯಲ್ಲಿ ಸೂಜಿ ಚುಚ್ಚಿ ಕಳಿಸುವುದು, ನಾನು ಬಲೆಯ ಒಂದು ಕಿಂಡಿ ಬಿಟ್ಟು ವಾಪಸ್ ಕಳಿಸುವುದು. ಜನ ಸುತ್ತ ನೆರೆದರು.

"ಇನ್ನೂ ಕೆಳಗೆ," ಎನ್ನುತ್ತಿದ್ದರು ವಾಹೆ. "ಹಾಂ, ಅಲ್ಲಿ ನಿಲ್ಲಿಸು. ಎರಡೂ ಪಕ್ಕ ಒಂದೊಂದು ಚುಕ್ಕೆ. ಅಷ್ಟು ದೂರ ಅಲ್ಲ. ಹತ್ತಿರ. ಕೆಳಗೆ ಹಕ್ಕಿ ಕಾಲಿನ ಹಾಗೆ ಮೂರು ಗೆರೆ."

ಗೆರೆ, ಎರಡು ಚುಕ್ಕೆ ಮುಗಿದವು. ಹಕ್ಕಿ ಕಾಲಿನ ಮೊದಲ ಗೆರೆಯ ಹೊತ್ತಿಗೆ ವಾಹೆ ಸುತ್ತಿ ಬಂದು ನನ್ನ ಪಕ್ಕ ನಿಂತರು. "ನನಗೆ ಕೊಡಮ್ಮ," ಎಂದು ಕೈ ಚಾಚಿದರು. ಜಮಖಾನೆ ಹೊಲಿದ ಕೈ, ಸೂಜಿ ಅದರಲ್ಲಿ ಸಲೀಸಾಗಿ ಕೂತಿತು. ನಾನು ಪಕ್ಕಕ್ಕೆ ಸರಿದೆ. ಈಗ ಬಲೆಯ ಈ ಕಡೆ ಅಣ್ಣ, ಆ ಕಡೆ ತಂಗಿ.

ನಾಲ್ಕೈದು ಹೊಲಿಗೆ ಆದ ಮೇಲೆ ವಾಹೆ ತಗ್ಗಿದ ದನಿಯಲ್ಲಿ ಮಾತಾಡಿದರು. ಅವರ ಪಕ್ಕದಲ್ಲೇ ಇದ್ದುದರಿಂದ ನನಗೂ ಕೇಳಿಸಿತು.

"ಅವಳಾಗಿ ಮುಚ್ಚಿಕೊಳ್ಳಲಿಲ್ಲ, ಆರ್ಪಿ. ನಾನು ಹದಿನಾಲ್ಕು ವರ್ಷದವನಿದ್ದಾಗ ಸ್ಕೂಲಿನ ಗೆಳೆಯರು ಮನೆಗೆ ಬಂದಿದ್ದರು. ನಿನ್ನ ಅಜ್ಜಿ ಮುಖಕ್ಕೆ ಏನಾಗಿದೆ ಅಂತ ನಕ್ಕರು. ಅವರು ಹೋದ ಮೇಲೆ ನಾನು ನೆನೆಗೆ ಹೇಳಿದೆ, ಇನ್ಮೇಲೆ ಯಾರಾದರೂ ಬಂದರೆ ಅದನ್ನ ಮುಚ್ಚಿಕೋ ಅಂತ. ಅವಳು ಸೆರಗು ಎಳೆದುಕೊಂಡಳು. ಆಮೇಲೆ ತೆಗೆಯಲೇ ಇಲ್ಲ. ಫೋಟೋ ಎಲ್ಲ ಅದಾದ ಮೇಲಿನವು. ಅದಕ್ಕೆ ಮುಂಚೆ ನಮ್ಮನೇಲಿ ಕ್ಯಾಮೆರಾ ಇರಲಿಲ್ಲ."

ಸೂಜಿ ಅವರ ಬೆರಳುಗಳ ನಡುವೆ ನಿಂತಿತ್ತು. ಬಲೆಯ ಆಚೆ ಆರ್ಪಿಯ ಮುಖ ನನಗೆ ಚೂರು ಚೂರಾಗಿ ಕಾಣುತ್ತಿತ್ತು, ಗಂಟುಗಳ ನಡುವಿನ ಕಿಂಡಿಗಳಲ್ಲಿ. ಅವರು ಅಳಲಿಲ್ಲ. ಅಣ್ಣನನ್ನು ಬಯ್ಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಇನ್ನೂ ಪಟ್ಟಿ ಬಿಚ್ಚದ ಬಲಗೈಯಿಂದ ಬಲೆಯನ್ನು ಹಿಗ್ಗಿಸಿ ಹಿಡಿದು, ಎಡಗೈ ಮುಂದೆ ಚಾಚಿದರು.

"ಇನ್ನೂ ಎರಡು ಗೆರೆ ಬಾಕಿ ಇದೆ, ಅಣ್ಣಾ," ಎಂದರು. "ಸೂಜಿ ಕಳಿಸು."